ಸುದ್ದಿ ಹೇಳುವ ಪಾಠ

ಮೇಷ್ಟ್ರು ಕಾಲೇಜಿನಲ್ಲಿ ಕಲಿಸುತ್ತಿದ್ದುದು ಮಾತಾಡುವುದನ್ನು. ವಾದ ಹೂಡುವುದು, ಸಭೆ ಗೆಲ್ಲುವುದು ಎಲ್ಲವೂ ಅವರ ಪಾಠದಲ್ಲಿದ್ದವು. ಆದರೆ ಅವರಿಗೆ ಹೆಸರನ್ನೂ ಪ್ರೊಫೆಸರ್ ಹುದ್ದೆಯನ್ನೂ ತಂದುಕೊಟ್ಟದ್ದು ಒಂದೇ ಪಾಠ: ಸಾವಿನ ಸುದ್ದಿ ಹೇಳುವುದು ಹೇಗೆ? ಡಾಕ್ಟರಾಗುವವರು, ಪೊಲೀಸ್ ಕೆಲಸಕ್ಕೆ ಸೇರಿದವರು ಅದನ್ನು ಕಲಿಯಲು ಬರುತ್ತಿದ್ದರು. ಕುರ್ಚಿ ಎಳೆದುಕೊಂಡು ಎದುರಿಗೆ ಕೂರಬೇಕು. ಕೆಟ್ಟ ಸುದ್ದಿ ಇದೆ ಎನ್ನಬೇಕು. ಒಂದು ಉಸಿರು ಬಿಡುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ನೇರವಾಗಿ, "ತೀರಿಕೊಂಡರು" ಎನ್ನಬೇಕು. ಸುತ್ತಿ ಬಳಸಿ ಹೇಳುವಂತಿಲ್ಲ.

ಕೇಳಿಸಿಕೊಳ್ಳಲು ಒಬ್ಬರು ಬೇಕಲ್ಲ? ಮೊದಲಿನಿಂದಲೂ ಹಾಗೆ ಮನೆಯ ನಡುಮನೆಯಲ್ಲೇ ಕೂತವಳು ಅವರ ಹೆಂಡತಿ. ಸತ್ತವನು ಯಾವಾಗಲೂ ಅವಳ ಮಗ. ಹಾಗೆಂದು ಗೊತ್ತು ಮಾಡಿದಾಗ ಮಗ ಇನ್ನೂ ಹುಟ್ಟಿರಲಿಲ್ಲ; ಹುಟ್ಟಿದ ಮೇಲೆ ಬದಲಾಯಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ವರ್ಷಕ್ಕೆ ಎಷ್ಟೋ ಬಾರಿ ಅವಳು ಮಗನನ್ನು ಕಳೆದುಕೊಂಡು ಬಾಯಿಗೆ ಕೈ ಒತ್ತಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಕುರ್ಚಿ ಕಿರ್ ಅಂತು ಕಣಪ್ಪಾ, ಮತ್ತೆ ಬಾ" ಎಂದು ಕಲಿಯುವವರನ್ನು ಹೊರಗೆ ಅಟ್ಟಿದಳು. ತಪ್ಪಿದವರು ಬಾಗಿಲಾಚೆ ಹೋಗಿ ಮೊದಲಿಂದ ಬರಬೇಕು.

"ನಿಮ್ಮಮ್ಮ ಇವತ್ತೂ ನಿನ್ನ ಸಾಯಿಸಿದಳೇನೋ?" ಎಂದು ಸೋದರಮಾವ ರೇಗಿಸಿದರೆ ಮಗ ನಗುತ್ತಿದ್ದ. "ಆಯಸ್ಸು ಹೆಚ್ಚತ್ತೆ ಬಿಡು ಮಾವ."

ಒಂದು ಮಧ್ಯಾಹ್ನ, ಮಗ ಕೆಲಸ ಮಾಡುತ್ತಿದ್ದ ದೂರದ ಗಣಿಯಿಂದ ಮೇಷ್ಟ್ರಿಗೆ ಕಾಲೇಜಿಗೇ ಫೋನು ಬಂತು. ಬೆಳಿಗ್ಗೆ ಸುರಂಗ ಕುಸಿದಿತ್ತು. ಹೇಳಿದವನು ಗಡಬಡಿಸಿ, ಎಲ್ಲವನ್ನೂ ಹಿಂದುಮುಂದು ಮಾಡಿ ಹೇಳಿದ.

ಮೇಷ್ಟ್ರು ದಾರಿಯುದ್ದಕ್ಕೂ ದೇವರ ಹೆಸರು ಹೇಳಿಕೊಂಡೇ ಮನೆಗೆ ನಡೆದರು. ಬೇಡಿಕೊಂಡದ್ದು ಇಷ್ಟೇ: ಇದು ಪಾಠವಲ್ಲವೆಂದು ಅವಳು ಮೊದಲ ಮಾತಿಗೇ ನಂಬಲಿ.

ಹೆಂಡತಿ ನಡುಮನೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಅವಳೆದುರು ಇನ್ನೊಂದು ಕುರ್ಚಿ ಆಗಲೇ ಎಳೆದಿಟ್ಟಿತ್ತು. ಮೇಷ್ಟ್ರು ಅದರಲ್ಲೇ ಕೂತರು.

"ಕೆಟ್ಟ ಸುದ್ದಿ ಇದೆ ಕಣೇ. ನಮ್ಮ ಮಗ ತೀರ್ಕೊಂಡ."

ಅವಳು ಅಳಲಿಲ್ಲ. ಕಲಿಯುವವರನ್ನು ನೋಡುವ ಹಾಗೆ ಅವರನ್ನು ನೋಡಿದಳು.

"ಅವಸರ ಮಾಡಿದ್ರಿ. ಮತ್ತೆ ಬನ್ನಿ."

"ಪಾಠ ಅಲ್ಲ ಕಣೇ ಇದು!"

"ಮತ್ತೆ ಬನ್ನಿ ಅಂದ್ನಲ್ಲ."

ಅವರು ಎದ್ದು ಹೊರಗೆ ಹೋದರು. ಯಾಕೆ ಹೋದರೋ ಅವರಿಗೇ ತಿಳಿಯದು. ಅಷ್ಟು ವರ್ಷದ ರೂಢಿ ಕಾಲು ಹಿಡಿದು ಎಳೆದೊಯ್ದಿತು. ತಿರುಗಿ ಬಂದವರು ಕುರ್ಚಿಯವರೆಗೂ ಹೋಗಲಿಲ್ಲ. ಹೊಸ್ತಿಲ ಮೇಲೆಯೇ ಕುಕ್ಕರಿಸಿ, ಎಳೆಮಗುವಿನ ಹಾಗೆ ದನಿ ತೆಗೆದು ಅತ್ತರು.

ಅವಳು ಎದ್ದು ಬಂದು ಅವರ ಮುಖ ಒರೆಸಿದಳು.

"ಅಳಬೇಡಿ. ನಂಗೆ ಗೊತ್ತು."

"ಯಾರು ಹೇಳಿದ್ರು?"

"ಅವನೇ. ತಿಂಡಿ ಹೊತ್ತಿಗೆ ಬಂದ. ಬೂಟೂ ಬಿಚ್ಚಲಿಲ್ಲ. ಕುರ್ಚಿ ಎಳ್ಕೊಂಡು ಕೂತು, 'ಅಮ್ಮಾ, ನಾನು ತೀರ್ಕೊಂಡೆ' ಅಂದ. ನಾನು ಪಾಠ ಅಂದ್ಕೊಂಡೆ ಕಣ್ರೀ. ನಿಮ್ಮ ಹಾಗೇ ಅವಸರ ಅವನಿಗೂ. ಸರಿಯಾಗ್ಲಿಲ್ಲ, ಮತ್ತೆ ಬಾ ಅಂದೆ. ಪಾಪ, ಎದುರಾಡಲಿಲ್ಲ. ಎದ್ದು ಹೊರಗೆ ಹೋದ."

ಅವಳು ಅವರ ತಲೆಯ ಮೇಲಿಂದ ಬಾಗಿಲಾಚೆ ನೋಡಿದಳು.

"ಇನ್ನೂ ಬಂದಿಲ್ಲ. ನೀವು ಬಾಗಿಲಿಗೆ ಅಡ್ಡ ಕೂತಿದೀರಿ, ಸ್ವಲ್ಪ ಸರೀರಿ."

ಮೇಷ್ಟ್ರು ಸರಿದು ಕೂತರು.