ಬೆನ್ನಿನ ಬರಿ ಜಾಗ

ಒಂದಾನೊಂದು ಕಾಲದಲ್ಲಿ, ಕೋಳಿಗಿಂತ ಮೊದಲು ಉಳಿ ಸದ್ದು ಮಾಡುವ ಮನೆಯೊಂದಿತ್ತು. ಐದು ತಲೆಮಾರಿನಿಂದ ಇಗರ್ಜಿಗಳಿಗೆ ಸಂತರನ್ನೂ ಮಾತೆಯನ್ನೂ ಕೆತ್ತಿಕೊಟ್ಟ ಮನೆ. ಅವರು ಮಾಡಿದ ಪ್ರತಿ ಪ್ರತಿಮೆಯ ಬೆನ್ನಲ್ಲೂ ಅಂಗೈಯಗಲ ಜಾಗ ಉಜ್ಜದೆ, ಬಣ್ಣ ಬಳಿಯದೆ, ಉಳಿಯೇಟು ಎದ್ದು ಕಾಣುವಂತೆ ಹಾಗೇ ಉಳಿದಿರುತ್ತಿತ್ತು. ಅದಕ್ಕೆ ‘ಬರಿ ಜಾಗ’ ಎಂದು ಹೆಸರು. ನಾನು ಬರೀ ಮರ, ನೀವು ಕೈಮುಗಿಯಬೇಕಾದವನು ಬೇರೆ ಇದ್ದಾನೆ ಎಂದು ಪ್ರತಿಮೆಯೇ ಹೇಳಲಿ ಅಂತ. ಆ ಮನೆಯವರು ತಲೆಯೆತ್ತಿ ನಡೆಯುತ್ತಿದ್ದುದು ಅದೊಂದು ಹೆಮ್ಮೆಯಿಂದ.

ಆ ಮನೆಯ ಕೊನೆಯ ಕುಡಿ ಚಕ್ಕೆ. ಕೂದಲಲ್ಲಿ ಸದಾ ಮರದ ಚಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವಳಿಗೆ ಅಜ್ಜಿ ಇಟ್ಟ ಹೆಸರು. ಅಜ್ಜಿಯ ಬೆರಳುಗಳು ಊದಿಕೊಂಡು ಉಳಿ ಹಿಡಿಯಲಾಗದೆ ಹೋದಾಗ, ಹೊಸ ಇಗರ್ಜಿಗೆ ಮಾತೆಯ ಪ್ರತಿಮೆ ಮಾಡಿಕೊಡುತ್ತೇನೆಂದು ಆಕೆ ಪಾದ್ರಿಗಳಿಗೆ ಕೊಟ್ಟಿದ್ದ ಮಾತು ಮೊಮ್ಮಗಳ ಹೆಗಲಿಗೆ ಬಿತ್ತು. ಭಾನುವಾರದೊಳಗೆ ಅದು ಪೀಠ ಏರದಿದ್ದರೆ ಪಾದ್ರಿಗಳು ಅಚ್ಚಿನ ಗೊಂಬೆ ತರಿಸುವವರಿದ್ದರು.

ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಬೈಂಡರ್ ಮಾವ ಕಿಟಕಿಯಲ್ಲಿ ಇಣುಕಿದ. ಪುಸ್ತಕಕ್ಕೆ ರಟ್ಟು ಕಟ್ಟುವವನು. ಅವನೂ ಕ್ರೈಸ್ತನೇ, ಆದರೆ ಬೇರೆ ಪಂಗಡ. ಅವನ ಪ್ರಾರ್ಥನಾ ಮಂದಿರದಲ್ಲಿ ಬರಿ ಗೋಡೆ, ಪ್ರತಿಮೆಯ ಸುದ್ದಿಯೇ ಇಲ್ಲ.

“ಏನೇ ಚಕ್ಕೆ, ನಿನ್ನ ವಿಗ್ರಹಕ್ಕೆ ಕಿವಿ ಬಂತಾ? ಬಂದಿದ್ರೆ ಹೇಳು, ಮೆಲ್ಲಗೆ ಮಾತಾಡ್ತೀನಿ.”

“ಬೈಂಡರಪ್ಪ,” ಒಳಗಿನಿಂದ ಅಜ್ಜಿ ಬಂದಳು, “ಬೈಬಲ್ಲಿಗೆ ಚಿನ್ನದಂಚು ಹಾಕಿ ಮುತ್ತಿಡ್ತೀಯಲ್ಲ, ಅದು ತೊಗಲಿನ ರಟ್ಟಿಗೋ ಒಳಗಿನ ಮಾತಿಗೋ?”

“ಮಾತಿಗಮ್ಮ!”

“ನಮ್ದೂ ಅಷ್ಟೇ ಕಣಯ್ಯ. ಒಳಗೆ ಬಾ.”

ಅಜ್ಜಿ ಪ್ರತಿಮೆಯ ಕೆನ್ನೆ ಸವರಿದಳು, ಸೆರಗಿನ ಮಡಿಕೆ ಸವರಿದಳು, ಹಿಂದಕ್ಕೆ ಹೋದಳು. ಕೈ ನಿಂತಿತು.

“ಬರಿ ಜಾಗ ಎಲ್ಲೇ?”

“ಅಲ್ಲಿ ಮರದ ಗೆರೆಗಳು ನೀರಿನಲೆ ಥರ ಇದ್ವು ಅಜ್ಜಿ... ತಡೆಯೋಕಾಗ್ಲಿಲ್ಲ. ಉಜ್ಜಿಬಿಟ್ಟೆ.”

“ಪರ್ವಾಗಿಲ್ಲ. ಉಳಿ ತಗೋ.”

ಚಕ್ಕೆ ಪ್ರತಿಮೆಗೂ ಅಜ್ಜಿಗೂ ನಡುವೆ ನಿಂತು ಅದನ್ನು ತಬ್ಬಿಕೊಂಡಳು. “ಆಗಲ್ಲ! ಇದಕ್ಕೆ ಒಂದು ಗೀರೂ ಬೀಳಬಾರದು. ಇಗರ್ಜಿಗೆ ಅಚ್ಚಿನ ಗೊಂಬೇನೇ ತರಿಸ್ಕೊಳ್ಲಿ. ಇದು ನನ್ನ ಹತ್ರಾನೇ ಇರ್ಲಿ.”

ಅಜ್ಜಿ ಸಿಟ್ಟಾಗಲಿಲ್ಲ. ಬೈಂಡರ್ ಮಾವನ ಕಡೆ ತಿರುಗಿದಳು. “ಇಷ್ಟು ವರ್ಷ ಈ ಮನೇಲಿ ವಿಗ್ರಹ ಹುಡುಕ್ತಾ ಇದ್ಯಲ್ಲಪ್ಪ. ನೋಡು, ಇವತ್ತು ಸಿಕ್ತು.”

ಅವನು ನಗಲಿಲ್ಲ.

“ಮುಂದೆ ಮೇಣದಬತ್ತಿ ಹಚ್ಚಿದ ಮಾತ್ರಕ್ಕೆ ಮರ ವಿಗ್ರಹ ಆಗಲ್ಲ ಕಣೇ,” ಅಂದಳು ಅಜ್ಜಿ. “ದೇವರಿಗೂ ಕೊಡಲ್ಲ ಅಂತ ತಬ್ಕೊಂಡ್ರೆ ಆಗುತ್ತೆ.”

ಚಕ್ಕೆ ತಾನು ತಬ್ಬಿದ್ದ ಪ್ರತಿಮೆಯ ಮುಖ ನೋಡಿದಳು. ಎಷ್ಟೋ ವಾರಗಳಿಂದ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಈ ಮುಖವೇ ಕಾಣುತ್ತಿತ್ತು. ಅದರಾಚೆ ಏನನ್ನೂ ಅವಳು ಹುಡುಕಿರಲಿಲ್ಲ. ನಾನು ಕೆತ್ತಿದ್ದು, ನಾನು ಕೆತ್ತಿದ್ದು ಎಂದು ಸುಖಪಟ್ಟು ಮಲಗಿದ್ದಳು.

ತೋಳು ಸಡಿಲಾಯಿತು. ಅಗಲ ಬಾಯಿಯ ಉಳಿ ತೆಗೆದುಕೊಂಡಳು. ಮೊದಲ ಏಟು ತನ್ನ ಬೆನ್ನಿಗೇ ಬಿದ್ದಂತಾಯಿತು. ಎರಡನೆಯದಕ್ಕೆ ಕಣ್ಣು ತುಂಬಿತು. ಐದನೆಯದರ ಹೊತ್ತಿಗೆ ಕೈಗೆ ಲಯ ಸಿಕ್ಕಿತ್ತು, ಬೆನ್ನು ನೆಟ್ಟಗಾಗಿತ್ತು. ಐದು ತಲೆಮಾರಿನವರು ಇದೇ ಜಾಗದಲ್ಲಿ ಹೀಗೇ ತಮ್ಮದೆಂಬುದನ್ನು ಬಿಟ್ಟುಕೊಟ್ಟಿದ್ದರು. ಆ ಸಾಲಿನಲ್ಲಿ ಇಂದು ತಾನೂ ನಿಂತೆ ಅನ್ನಿಸಿ ಅವಳ ಮುಖ ಬೆಳಗಿತು.

ಭಾನುವಾರ ಬೆಳಿಗ್ಗೆ ಪ್ರತಿಮೆಯನ್ನು ಇಗರ್ಜಿಗೆ ಹೊರುವಾಗ ಒಬ್ಬರು ಕಡಿಮೆ ಬಿದ್ದರು. ಬಾಗಿಲಲ್ಲಿ ನಿಂತಿದ್ದ ಬೈಂಡರ್ ಮಾವ ಗಂಟಲು ಸರಿಮಾಡಿಕೊಂಡ.

“ವಿಗ್ರಹ ಹೊರೋ ಪೈಕಿ ಅಲ್ಲ ನಾನು.” ಹಿಂದೆ ಬಂದು ಬರಿ ಜಾಗದ ಮೇಲೆ ಅಂಗೈ ಊರಿದ. “ಇದು ಮರ. ಮರ ಆದ್ರೆ ಹೊರ್ತೀನಿ.”

“ಹಾಗಂದ್ಕೊಂಡೇ ಹೊರು ಮಾವ,” ಅಂದಳು ಚಕ್ಕೆ. “ಅದಕ್ಕೇ ಬಿಟ್ಟಿರೋದು.”

ಪ್ರತಿಮೆ ಪೀಠ ಏರಿತು. ಬೆನ್ನು ಗೋಡೆಯ ಕಡೆ ಸರಿಯಿತು. ಅಜ್ಜಿ ಊದಿದ ಬೆರಳುಗಳಿಂದ ಮೊಮ್ಮಗಳ ಕೂದಲಲ್ಲಿದ್ದ ಚಕ್ಕೆಯೊಂದನ್ನು ಹೆಕ್ಕಿ ತೆಗೆದು, ಪಾದ್ರಿಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಕೊಟ್ಟ ಮಾತು ತೀರ್ತು.”