ರೂಪಾಯಿಯಷ್ಟಗಲ ನೋವು

“ಇಷ್ಟ ದೊಡ್ಡ ತಲಿ ಬಿಟ್ಟು ಇದೊಂದ ಜಾಗಾನ ಯಾಕ ಹಿಡದೀಪಾ?”

ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ ಈರಪ್ಪ ತನ್ನ ತಲೆನೋವನ್ನೇ ಕೇಳಿದ. ಎಡಗಿವಿಯ ಮೇಲೆ, ರೂಪಾಯಿ ನಾಣ್ಯದಷ್ಟಗಲದ ಜಾಗದಲ್ಲಿ, ದಬ್ಬಣ ಚುಚ್ಚಿದ ಹಾಗೆ ಇನ್ನೊಮ್ಮೆ ಚಳಕು ಹೊಡೆಯಿತು.

ದೇವಿಕೊಪ್ಪದ ಮಠದಲ್ಲಿ ಹದಿನೆಂಟು ಶ್ರಾವಣಗಳಿಂದ ಪುರಾಣದ ಓದು ಅವನದೇ. ಅವನು ಪದ್ಯ ಹಾಡಿದರೆ ಕಾಶಿನಾಥ ಮಾಸ್ತರರು ಅರ್ಥ ಹೇಳುತ್ತಿದ್ದರು. ಪುರಾಣ ಮುಗಿಯುವ ಮಂಗಳಕ್ಕೆ ಇನ್ನು ಮೂರೇ ದಿನ. ನಿನ್ನೆ ಪದ್ಯದ ನಡುವೆ ಅವನು ತಲೆ ಹಿಡಿದುಕೊಂಡು ಕೂತಾಗ ಮಾಸ್ತರರು ಮೆಲ್ಲಗೆ ಅಂದಿದ್ದರು: “ನೋವು ಇಳೀಲಿಲ್ಲಂದ್ರ ಹೇಳಿಬಿಡು ಈರಪ್ಪಾ. ದುಮ್ಮವಾಡದಾಗ ಒಬ್ಬ ಓದಾಂವ ಅದಾನ.” ಆ ಮಾತು ದಬ್ಬಣಕ್ಕಿಂತ ಆಳಕ್ಕೆ ಇಳಿದಿತ್ತು.

ಓಣಿಯವರು ಪಿತ್ತ ಎಂದರು, ಹುಳುಕು ಹಲ್ಲು ಎಂದರು, ಥಂಡಿ ಗಾಳಿ ಎಂದರು. ಹೆಂಡತಿ ಶಿವಗಂಗವ್ವ ದೃಷ್ಟಿ ತೆಗೆದಳು, ಶುಂಠಿ ತೇಯ್ದು ಹಚ್ಚಿದಳು. ಶುಂಠಿ ಉರಿಯಿತು, ನೋವು ಹಾಗೇ ಇತ್ತು. ಸರಕಾರಿ ದವಾಖಾನೆಯ ಡಾಕ್ಟರಬಾಯಿ ಬಿ.ಪಿ. ನೋಡಿ, ಕಣ್ಣಿಗೆ ಬ್ಯಾಟರಿ ಬಿಟ್ಟು, ಕೈಕಾಲು ಎತ್ತಿಸಿ, “ಅಂಜೂವಂಥಾದ್ದು ಏನೂ ಕಾಣವಲ್ದು. ವಾಂತಿ ಆದ್ರ, ಕಣ್ಣು ಮಂಜಾದ್ರ, ಮಾತು ತೊದಲಿದ್ರ ಆವಾಗಿಂದಾವಾಗ ಬರ್ರಿ. ಏನ ಮಾಡಿದಾಗ ಸುರು ಆಗತೈತಿ, ಗುರುತು ಹಿಡೀರಿ” ಎಂದಿದ್ದರು.

ಈರಪ್ಪ ಗುರುತು ಹಿಡಿದಿದ್ದ. ಪುರಾಣಕ್ಕೆ ಕೂತ ಅರ್ಧ ತಾಸಿಗೆ ಸುರುವಾಗಿ ಮರುದಿನ ಮಧ್ಯಾಹ್ನದ ತನಕ ಇರುತ್ತಿತ್ತು. ಅದರಿಂದಲೇ ಅಂಜಿಕೆ ಹೆಚ್ಚಾಗಿತ್ತು. ಓದಿನಲ್ಲಿ ಎಲ್ಲಿ ತಪ್ಪಿದೆನೋ, ಇನ್ನು ಸಾಕು ಅನ್ನುತ್ತಿದ್ದಾನೇನೋ ಶಿವ.

ಅಷ್ಟರಲ್ಲಿ ಬಳೆ ಮಾರುವ ಫಾತಿಮಾಬಿ ಬಂದು ಬುಟ್ಟಿ ಇಳಿಸಿದಳು. ನಲವತ್ತು ವರ್ಷ ಬುಟ್ಟಿ ಹೊತ್ತ ತಲೆ ಅವಳದು. ಬಳೆಗೆ ಕೈ ಚಾಚುತ್ತ ಶಿವಗಂಗವ್ವ ಗಂಡನ ಕಥೆ ಹೇಳಿದಳು.

“ತಲಿ ಇತ್ತ ತರ್ರಿ ಅಣ್ಣಾರ,” ಎನ್ನುತ್ತ ಫಾತಿಮಾಬಿ ಬೆರಳಿಂದ ಒತ್ತಿ ನೋಡಿದಳು. “ಇಲ್ಲೆ ಗೆರಿ ಬಿದ್ದೈತಿ. ಬುಟ್ಟಿ ಕೆಳಗಿನ ಸಿಂಬಿ ಅರಿವ್ಯಾಗ ಗಂಟ ಬಿದ್ರ ನನಗೂ ಹಿಂಗ ಆಗತಿತ್ತು. ಪುರಾಣಕ್ಕ ಸುತ್ತೂ ರುಮಾಲದಾಗ ಏನ ಇಟ್ಟೀರಿ?”

“ತಲಿ ಇಟ್ಟೇನಿ.”

“ಅದು ಬಿಟ್ಟು. ಹೆಂಗ ಸುತ್ತತೀರಿ, ತೋರಸ್ರಿ.”

ಈರಪ್ಪ ಮೊದಲು ಓದುವ ಕನ್ನಡಕ, ತನ್ನ ಚಾಳೀಸು, ಏರಿಸಿಕೊಂಡ. ಈ ಶ್ರಾವಣಕ್ಕೇ ಕಲಘಟಗಿ ಸಂತೆಯಿಂದ ತಂದದ್ದು; ಎಡಗಡೆಯ ಕಡ್ಡಿ ಸೊಟ್ಟ. ಪುಸ್ತಕಕ್ಕೆ ಬಗ್ಗಿದರೆ ಮೂಗಿನಿಂದ ಜಾರುತ್ತಿತ್ತೆಂದು ಕಡ್ಡಿಗಳ ಮೇಲೆಯೇ ರುಮಾಲು ಸುತ್ತುವ ಉಪಾಯ ಹುಡುಕಿದ್ದ. ರುಮಾಲಿನ ಒಂದು ತುದಿಯನ್ನು ಶಿವಗಂಗವ್ವ ಬಾಗಿಲ ಹತ್ತಿರ ಹಿಡಿದು ನಿಲ್ಲಬೇಕು. ಅವನು ತಿರುಗುತ್ತ ಸುತ್ತಿಕೊಳ್ಳಬೇಕು, ನಡುನಡುವೆ “ಜಗ್ಗಿ ಹಿಡಿ” ಅನ್ನಬೇಕು.

ಎರಡು ಸುತ್ತಿಗೇ ಫಾತಿಮಾಬಿ ನಕ್ಕಳು. “ಶಿವಗಂಗವ್ವಾ, ಕಡ್ಡಿ ಚುಚ್ಚಾಕ ದಿನಾ ನೀನ ಜಗ್ಗೀದಿ. ಮ್ಯಾಲ ಶುಂಠಿ ಬ್ಯಾರೆ.”

ಶಿವಗಂಗವ್ವನ ಕೈಯಿಂದ ತುದಿ ಜಾರಿತು. “ಜಗ್ಗು ಅಂದ್ರು, ಜಗ್ಗಿದೆ. ಸಿಟ್ಟ ಬಂದ ದಿನ ಒಂದೀಟ ಜೋರ ಜಗ್ಗೀನಿ, ಸುಳ್ಳ ಯಾಕ ಹೇಳ್ಲಿ.”

ಅಂದು ಸಂಜೆ ಈರಪ್ಪ ರುಮಾಲು ಸಡಿಲಾಗಿ ಸುತ್ತಿ, ಅದರ ಹೊರಗೆ ಚಾಳೀಸಿಗೆ ದಾರ ಕಟ್ಟಿಕೊಂಡು ಮಠಕ್ಕೆ ಬಂದ. ಮುಂದೆ ಕೂತ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

“ಏನ ಈರಪ್ಪಾ, ರುಮಾಲಕ್ಕೂ ಕಣ್ಣ ಬಂದಾವನ?” ಎಂದರು ಮಾಸ್ತರರು.

ಅರ್ಧ ತಾಸಾಯಿತು, ಒಂದು ತಾಸಾಯಿತು. ಚಳಕು ಬರಲಿಲ್ಲ. ಎಷ್ಟೋ ದಿನದ ಮೇಲೆ ಅವನ ದನಿ ಮಠದ ಹೊರಗಿನ ಕಟ್ಟೆಯವರೆಗೂ ಕೇಳಿಸಿತು. ದುಮ್ಮವಾಡದ ಮಾತನ್ನು ಮಾಸ್ತರರು ಮತ್ತೆ ಎತ್ತಲಿಲ್ಲ. ಮೂರನೆಯ ದಿನಕ್ಕೆ ಆ ಜಾಗ ಒತ್ತಿದರಷ್ಟೇ ನೋಯುತ್ತಿತ್ತು.

ಮಂಗಳದ ದಿನ ಈರಪ್ಪ ಹೊಸ ರುಮಾಲು ತೆಗೆದ. ಚಾಳೀಸು ಏರಿಸಿಕೊಂಡು ಹೆಂಡತಿಯ ಕಡೆಗೆ ತುದಿ ಚಾಚಿದ.

“ಇವತ್ತ ಫೋಟೋ ತಗೀತಾರಂತ. ದಾರ ಕಟಗೊಂಡ್ರ ಮಂದಿ ನಗತಾರ. ಒಂದ ದಿನ ಕಡ್ಡಿ ಒಳಗ ಇರ್ಲಿ. ಜಗ್ಗಿ ಹಿಡಿ.”

ಶಿವಗಂಗವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು.

“ಒಲ್ಲೆ. ನಾ ಹಿಡ್ಯಾಂಗಿಲ್ಲ.”