ನಲಿನಿಬಾಯಿಯನ್ನು ನೆನೆದ ಮನೆ

ಅವು ಮಹಾಯುದ್ಧದ ವರ್ಷಗಳು. ಸುಗರಾಬಿ ಗಂಡನ ಊರಾದ ಹಲಗೇರಿಯಿಂದ ಒಬ್ಬಳೇ ನಡೆದುಕೊಂಡು ರಾಣೇಬೆನ್ನೂರಿನ ತವರುಮನೆಗೆ ಬಂದಾಗ ಮಟಮಟ ಮಧ್ಯಾಹ್ನ. ಎಡಗೈ ಬಾತುಹೋಗಿತ್ತು. ಅಂಗಳದಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದ ಟಾಂಗಾದ ಮಲ್ಲಿಕಸಾಬ ಮೊದಲು ಮಗಳನ್ನು ನೋಡಿದ, ಆಮೇಲೆ ಓಣಿಯ ಆಚೆ ಈಚೆ ನೋಡಿದ.

"ಕೈಗೆ ಏನಾತವ್ವ?"

"ಬಾವಿ ಮೆಟ್ಟಲದ ಮ್ಯಾಲ ಜಾರಿ ಬಿದ್ದೆ, ಅಬ್ಬಾ."

ತಾಯಿ ಕುಲ್ಸುಮಬಿ ನಂಬಲಿಲ್ಲ. ತೋಳಿನ ಮೇಲೆ ಬೆರಳಿನ ಗುರುತುಗಳು ಮೂಡಿದ್ದವು. ಮಗಳನ್ನು ಒಳಗೆ ಕೂಡಿಸಿ, ದವಾಖಾನೆಯ ಹಿರಿಯ ನರ್ಸ್ ಜಾನಕೀಬಾಯಿಯನ್ನು ಕರೆತಂದಳು.

ಜಾನಕೀಬಾಯಿ ಪಟ್ಟಿ ಕಟ್ಟುತ್ತಿದ್ದಾಗ ಮಲ್ಲಿಕಸಾಬ ಬಾಗಿಲಲ್ಲಿ ನಿಂತು ಅಂದ: "ಗಂಡ-ಹೆಂಡ್ತಿ ಅಂದಮ್ಯಾಲೆ ಒಂದು ಮಾತು ಬರತೈತಿ, ಹೋಗತೈತಿ ಬಾಯಾರ. ಬಿಸಲು ಇಳದಮ್ಯಾಲೆ ನಾನ ಟಾಂಗಾದಾಗ ಬಿಟ್ಟು ಬರ್ತೇನಿ. ಇಲ್ಲೇ ಇಟ್ಕೊಂಡ್ರ ಮಂದಿ ಏನಂತಾರ?"

ಜಾನಕೀಬಾಯಿ ತಲೆ ಎತ್ತಲಿಲ್ಲ. "ನಮ್ಮ ನಲಿನೀನೂ ಜಾರಿ ಬಿದ್ದೆ ಅಂತಿದ್ಲು, ಮಲ್ಲಿಕಸಾಬ್ರ."

ಆ ಹೆಸರು ಕೇಳಿದ್ದೇ ಮಲ್ಲಿಕಸಾಬ ಹೊಸ್ತಿಲ ಹತ್ತಿರ ಕುಳಿತುಬಿಟ್ಟ.

ನಲಿನಿ ದವಾಖಾನೆಯ ಕಿರಿಯ ನರ್ಸ್ ಆಗಿದ್ದಳು. ಹೆರಿಗೆಗೆಂದು ಹಳ್ಳಿಯಿಂದ ಕರೆ ಬಂದರೆ ಮಲ್ಲಿಕಸಾಬನ ಟಾಂಗಾದಲ್ಲೇ ಹೋಗುತ್ತಿದ್ದಳು. ದಾರಿಯುದ್ದಕ್ಕೂ ಹುರಿದ ಶೇಂಗಾ ಸುಲಿದು, "ತಗೋ ಕಾಕಾ" ಎಂದು ಅವನ ಕೈಗೂ ಹಾಕುತ್ತಿದ್ದಳು. ಮದುವೆಗೆ ಮುಂಚೆ ಸುಗರಾಬಿ ಜ್ವರದಲ್ಲಿ ಮಲಗಿದ್ದಾಗ ದಿನಾ ಬಂದು ಮೈ ಒರೆಸಿದವಳು ಅವಳೇ. ಕೂದಲು ಉದುರಿತೆಂದು ಅಳುತ್ತಿದ್ದ ಹುಡುಗಿಗೆ, "ಮತ್ತ ಬರ್ತಾವು ಬಿಡ. ಈಗ ತಲಿ ಹಗರ ಆತಲ್ಲ!" ಎಂದು ನಗಿಸಿದ್ದಳು.

ನಲಿನಿಯ ಗಂಡ ಅವಳನ್ನು ಹೊಡೆಯುವುದು ಊರಿಗೇ ಗೊತ್ತಿತ್ತು. ಒಮ್ಮೆ ತಾಳಲಾರದೆ ಹಾವೇರಿಯ ತವರಿಗೆ ಹೋದಳು. ಅಣ್ಣ ಬುದ್ಧಿ ಹೇಳಿ, ರೈಲಿನಲ್ಲಿ ಮರಳಿ ಕರೆತಂದ. ಸ್ಟೇಶನ್ನಿನಿಂದ ಗಂಡನ ಮನೆಗೆ ಮುಟ್ಟಿಸಿದ್ದು ಮಲ್ಲಿಕಸಾಬನೇ. ಅವತ್ತು ಶೇಂಗಾ ಇಲ್ಲ, ಮಾತಿಲ್ಲ. ಇಳಿಯುವಾಗ ಮಾತ್ರ, "ಟಾಂಗಾ ಸಾವಕಾಶ ಹೊಡೀಬೇಕಿತ್ತು ಕಾಕಾ, ಲಗೂ ಬಂದುಬಿಟ್ವಿ," ಅಂದಳು. ವಾರ ತುಂಬುವುದರೊಳಗೆ ಗಂಡನ ಏಟಿಗೆ ಆಕೆಯ ಜೀವ ಹೋಯಿತು. ಆಕೆ ಹೆರಿಗೆ ಮಾಡಿಸಿದ ತಾಯಂದಿರು ಕೂಸು ಎತ್ತಿಕೊಂಡೇ ಬಂದು ದವಾಖಾನೆಯ ಮುಂದೆ ನಿಂತು ಅತ್ತಿದ್ದರು.

"ಆಕಿ ಅಣ್ಣನ ಮ್ಯಾಲೆ ನನಗ ಇನ್ನೂ ಸಿಟ್ಟೈತಿ ಬಾಯಾರ," ಎಂದ ಮಲ್ಲಿಕಸಾಬ. "ಈಗ ನಾನೂ ಅದನ್ನ ಮಾಡಾಕ ಹೊಂಟಿದ್ದೆ."

"ಹೊಡತ ತಾನಾಗೇ ನಿಲ್ಲೂದಿಲ್ರಿ," ಎಂದಳು ಜಾನಕೀಬಾಯಿ. "ಇವತ್ತ ಕೈ, ನಾಳೆ ತಲಿ. ಹುಡುಗಿ ಇಲ್ಲೇ ಇರ್ಲಿ. ಆಮ್ಯಾಲೂ ಆಕಿ ಮನಸ್ಸಿಗೆ ಬಂದ್ರಷ್ಟ ಹೋಗ್ಲಿ. ಡಾಕ್ಟರ ಮುಂದ ಖರೇ ಏನೈತಿ ಅದನ್ನ ಹೇಳೂಣು. ಹಿರ್ಯಾರನ್ನ ಕೂಡಸ್ರಿ. ಅಂವ ಕೇಳದಿದ್ರ ಪೊಲೀಸ್ ಫೌಜದಾರರ ಕಡೆ ಹೋಗೂಣು, ನಾನೂ ಬರ್ತೇನಿ."

"ಮಂದಿ..." ಎಂದು ಮಲ್ಲಿಕಸಾಬ ಮತ್ತೆ ತಡವರಿಸಿದ.

ಕುಲ್ಸುಮಬಿ ತಡೆದಳು. "ಮಂದಿ ನಲಿನಿ ಸತ್ತಾಗ ಅತ್ತು ಮನಿಗೆ ಹೋದ್ರು. ಆಕಿನ್ನ ಹೊಳ್ಳಿ ಕೊಟ್ರೇನು?"

ಮಲ್ಲಿಕಸಾಬ ಎದ್ದು ಮಗಳ ಎದುರು ಕುಳಿತ. "ಖರೇ ಹೇಳವ್ವ. ಬಿದ್ದಿಯೇನು?"

ಸುಗರಾಬಿ ಇಲ್ಲವೆಂದು ತಲೆಯಾಡಿಸಿದಳು. ಅಲ್ಲಿಯತನಕ ತಡೆದಿದ್ದ ಅಳು ಆಗ ಬಂತು. ಅವನು ಮಗಳ ತಲೆ ನೇವರಿಸುತ್ತ, "ಇದು ನಿನ್ನ ಮನಿ ಐತಿ. ಹೋಗು ಅಂತ ಯಾರೂ ಅನ್ನೂದಿಲ್ಲ," ಎಂದ.

ಸಂಜೆ ಅಳಿಯ ಕರೆಯಲು ಬಂದ. ಮಲ್ಲಿಕಸಾಬ ಬಾಗಿಲು ಬಿಡಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಆಕಿ ಬರೂದಿಲ್ಲ. ನಾಳೆ ಹಿರ್ಯಾರನ್ನ ಕರಕೊಂಡು ನಾನ ಬರ್ತೇನಿ, ಅಲ್ಲೇ ಮಾತಾಡೂಣು." ಓಣಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು ಮಲ್ಲಿಕಸಾಬನ ಪಕ್ಕ ನಿಂತರು. ಅಳಿಯ ಬಂದ ದಾರಿ ಹಿಡಿದ. ಒಳಗೆ ಸುಗರಾಬಿ ತಾಯಿಯ ಕೈತುತ್ತು ಉಂಡು ಮಲಗಿದಳು.

ಓದುವ, ಓದಿಸಿ ಕೇಳುವ ತಾಯಂದಿರೇ, ತಂದೆಯರೇ, ಮಗಳು ಗಾಯ ಹೊತ್ತು ಮನೆಗೆ ಬಂದರೆ ಯಾವಾಗ ಹೋಗುತ್ತೀ ಎಂದು ಕೇಳಬೇಡಿ. ಒಳಗೆ ಕರೆಯಿರಿ. ದವಾಖಾನೆಗೆ ಕರೆದೊಯ್ದು ಇದ್ದದ್ದು ಇದ್ದಂತೆ ಹೇಳಿ. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಕೂಡಿ ಹೋಗಿ ಕದ ತಟ್ಟಿ. ನಲಿನಿಬಾಯಿ ಎಷ್ಟೋ ಮನೆಗಳ ಕೂಸುಗಳನ್ನು ಉಳಿಸಿದಳು, ಅವಳನ್ನು ಯಾರೂ ಉಳಿಸಿಕೊಳ್ಳಲಿಲ್ಲ. ನಿಮ್ಮ ಓಣಿಯಲ್ಲಿ ಇನ್ನೂ ಬದುಕಿರುವವಳನ್ನು ಉಳಿಸಿಕೊಳ್ಳಿ.